ಡರ್ಟ್ ಬೈಕಿಗೆ ಕಾರಿನ ಆಯಿಲ್ ಹಾಕಬಹುದೇ: ನಾನು ಡಬ್ಬದ ಮೇಲೆ ಏನು ನೋಡುತ್ತೇನೆ

ಕಾರಿನ ಎಂಜಿನ್ನಿಗೆ ಒಂದು ಆಯಿಲ್, ಗೇರ್‌ಬಾಕ್ಸಿಗೆ ಇನ್ನೊಂದು. ಮ್ಯಾನ್ಯುಯಲ್ ಗೇರಿನ ಕಾರಾದರೆ ಕ್ಲಚ್ ಸಾಮಾನ್ಯವಾಗಿ ಆಯಿಲ್ ಮುಟ್ಟುವುದೇ ಇಲ್ಲ. ಆದರೆ ಮಣ್ಣುಹಾದಿಯಲ್ಲಿ ಓಡಿಸುವ ಬಹುತೇಕ ಫೋರ್-ಸ್ಟ್ರೋಕ್ ಡರ್ಟ್ ಬೈಕುಗಳಲ್ಲಿ ಪಿಸ್ಟನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಓಡುತ್ತವೆ. ಅದೂ ಸುಮಾರು ಒಂದು ಲೀಟರಿನಲ್ಲಿ. ಹಾಗಾಗಿ ಡಬ್ಬದ ಮುಂದೆ ಕಾರಿನ ಚಿತ್ರವಿದೆಯೋ ಬೈಕಿನದೋ ಎಂದು ನಾನು ನೋಡುವುದಿಲ್ಲ, ತಿರುಗಿಸಿ ಹಿಂದಿನ ಸಣ್ಣಕ್ಷರ ಓದುತ್ತೇನೆ.

ಮೊದಲು ಹುಡುಕುವುದು ‘ಜಾಸೋ ಎಂಎ’ ಅಥವಾ ‘ಎಂಎ2’ ಗುರುತು. ಇದು ಟಿ903 ಎಂಬ ಜಪಾನಿ ಮಾನದಂಡ. ಆಯಿಲಿನಲ್ಲಿ ನೆನೆದ ಕ್ಲಚ್ ಎಷ್ಟು ಹಿಡಿಯುತ್ತದೆ ಎಂಬುದನ್ನು ಪರೀಕ್ಷಿಸಿ ದರ್ಜೆ ಕೊಡುತ್ತದೆ. ಎಂಎ2ರಲ್ಲಿ ಹಿಡಿತ ಹೆಚ್ಚು, ಎಂಎ1ರಲ್ಲಿ ಅದಕ್ಕಿಂತ ಕಡಿಮೆ. ಎಂಬಿ ಎಂದಿದ್ದರೆ ಮುಟ್ಟಬೇಡಿ. ಅದು ಒಣ ಕ್ಲಚ್ಚಿನ ಸ್ಕೂಟರುಗಳಿಗಾಗಿ ಇರುವ ಜಾರು ಆಯಿಲ್. ದ್ವಿಚಕ್ರ ವಾಹನದ ಆಯಿಲ್ ಎಂದೇ ಮಾರಾಟವಾಗುತ್ತದೆ, ಗೇರಿನ ಬೈಕಿಗೆ ಮಾತ್ರ ಆಗದು.

ಆಮೇಲೆ ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ವೃತ್ತಾಕಾರದ ಮುದ್ರೆ. ಅದರ ಕೆಳಭಾಗದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಅಥವಾ, ಹಳೆಯ ಡಬ್ಬವಾದರೆ, ‘ಎನರ್ಜಿ ಕನ್ಸರ್ವಿಂಗ್’ ಎಂದಿದ್ದರೆ ಕೆಳಗಿಟ್ಟುಬಿಡುತ್ತೇನೆ. ಇಂಧನ ಉಳಿಸಲು ಇಂಥ ಆಯಿಲುಗಳಿಗೆ ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ಪಿಸ್ಟನ್ನಿಗೆ ಅದು ಒಳ್ಳೆಯದೇ, ಆದರೆ ಕ್ಲಚ್ ನಡೆಯುವುದೇ ಘರ್ಷಣೆಯಿಂದ. 0ಡಬ್ಲ್ಯು-20, 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಗ್ರೇಡುಗಳಲ್ಲೇ (ಕೊನೆಯ ಸಂಖ್ಯೆ ದೊಡ್ಡದಾದಷ್ಟು ಬಿಸಿಯಲ್ಲಿ ಆಯಿಲ್ ದಪ್ಪ) ಈ ಗುರುತು ಸಿಗುವುದು. ಸಿಂಥೆಟಿಕ್, ಅಂದರೆ ಕೃತಕವಾಗಿ ತಯಾರಿಸಿದ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ ಎನ್ನುವವರಿದ್ದಾರೆ. ಜಾರಿಸುವುದು ಬೆರೆಸಿದ ರಾಸಾಯನಿಕ, ಸಿಂಥೆಟಿಕ್ ಅಲ್ಲ.

ಹಾಗಿದ್ದರೆ ಈ ‘ಕನ್ಸರ್ವಿಂಗ್’ ಗುರುತಿಲ್ಲದ ಕಾರಿನ 10ಡಬ್ಲ್ಯು-40 ಸಾಲದೇ? ಎಷ್ಟೋ ಬೈಕುಗಳಲ್ಲಿ ಕ್ಲಚ್ ಜಾರದೆ ನಡೆಯುತ್ತದೆ, ನಿಜ. ತೊಂದರೆ ಇರುವುದು ಗೇರುಗಳಲ್ಲಿ. ಬಿಸಿಯಲ್ಲೂ ದಪ್ಪ ಉಳಿಯಲೆಂದು ಆಯಿಲಿಗೆ ಸೇರಿಸಿದ ಪಾಲಿಮರ್ ಸರಪಳಿಗಳನ್ನು ಗೇರಿನ ಹಲ್ಲುಗಳು ಅರೆದು ತುಂಡರಿಸುತ್ತವೆ. 40 ಎಂದು ಸುರಿದದ್ದು ಕೆಲವೇ ಸವಾರಿಗಳಲ್ಲಿ 30ರಂತೆ ತೆಳುವಾಗುತ್ತದೆ. ಗೇರು ಬೀಳುವಾಗ ಕಟಕಟ ಅನ್ನುವುದು, ಎರಡು ಗೇರುಗಳ ನಡುವೆ ಸಿಕ್ಕಿಕೊಳ್ಳುವುದು ಆಗ ಶುರುವಾಗುತ್ತದೆ. ಸವೆತ ತಡೆಯುವ ರಂಜಕದ ಲೆಕ್ಕವೂ ಬೇರೆ: ಜಾಸೋ ಶೇ 0.08ರಿಂದ 0.12 ಕೇಳುತ್ತದೆ, ಇಂಧನ ಉಳಿಸುವ ತೆಳು ಕಾರ್ ಆಯಿಲುಗಳಿಗೆ ಶೇ 0.08 ಮೇಲ್ಮಿತಿ. ಡೀಸೆಲ್ ಎಂಜಿನ್ನಿನ 15ಡಬ್ಲ್ಯು-40 ಡಬ್ಬಗಳಲ್ಲಿ ಕೆಲವುದರ ಮೇಲೆ ಜಾಸೋ ಎಂಎ ಇರುತ್ತದೆ. ಬೈಕಿನ ಕೈಪಿಡಿ ಆ ದಪ್ಪವನ್ನು ಒಪ್ಪಿದ್ದರೆ ಅದನ್ನು ಧೈರ್ಯವಾಗಿ ಹಾಕುತ್ತೇನೆ.

ಬದಲಿಸುವಾಗ ಎಂಜಿನನ್ನು ಮೂರ್ನಾಲ್ಕು ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ ಹಳೆಯ ಆಯಿಲ್ ಇಳಿಸುತ್ತೇನೆ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ. ಚೂರುಗಳಿದ್ದರೆ ಗೇರುಬಾಕ್ಸ್ ಬಿಚ್ಚುವ ಕಾಲ ಬಂದಿದೆ. ವಾಷರ್ ಪ್ರತಿಸಲ ಹೊಸದು, ಬಿಗಿಗೊಳಿಸಲು ಟಾರ್ಕ್ ರೆಂಚ್, ಏಕೆಂದರೆ ಅಲ್ಯುಮಿನಿಯಂ ಮರೆ (ಥ್ರೆಡ್) ಬೇಗ ಕಿತ್ತುಬರುತ್ತದೆ. ಮಟ್ಟ ನೋಡುವಾಗ ಬೈಕ್ ನೆಟ್ಟಗಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡಿದ ಮಟ್ಟ ಸುಳ್ಳು ಹೇಳುತ್ತದೆ.

ತಪ್ಪು ಆಯಿಲ್ ಬಿದ್ದಿದ್ದರೆ ಗುರುತು ಇದು: ಮೇಲಿನ ಗೇರಿನಲ್ಲಿ ಥ್ರಾಟಲ್ ತಿರುಗಿಸಿದಾಗ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ಮೊದಲು ಕ್ಲಚ್ ಕೇಬಲ್ಲಿನ ಸಡಿಲ ನೋಡಿ. ಸಡಿಲವೇ ಇಲ್ಲದಿದ್ದರೂ ಹೀಗೇ ಜಾರುತ್ತದೆ. ಅದು ಸರಿಯಿದ್ದರೆ ಆಯಿಲ್ ಇಳಿಸಿ ಎಂಎ2 ತುಂಬಿ, ಸ್ವಲ್ಪ ಹೊತ್ತು ಓಡಿಸಿ ಮತ್ತೆ ಇಳಿಸಿ. ಒಳಗೆ ಉಳಿಯುವ ಹಳೆಯದು ಒಂದೇ ಸಲಕ್ಕೆ ಹೋಗುವುದಿಲ್ಲ. ಎರಡನೇ ಸಲ ತುಂಬಿದ ಮೇಲೂ ಜಾರಿದರೆ ಕ್ಲಚ್ ಪ್ಲೇಟುಗಳನ್ನು ಹೊರತೆಗೆದು ದಪ್ಪ ಅಳೆಯಿರಿ, ಸ್ಪ್ರಿಂಗಿನ ಉದ್ದ ನೋಡಿ. ನೀಲಿಗಟ್ಟಿದ ಸ್ಟೀಲ್ ಪ್ಲೇಟನ್ನು ಉಳಿಸಿಕೊಳ್ಳಬೇಡಿ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಹಾಕುವ ಮುನ್ನ ಅದೇ ಆಯಿಲಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತೇನೆ.

ಟೂ-ಸ್ಟ್ರೋಕಿನ ಲೆಕ್ಕವೇ ಬೇರೆ. ಕ್ರ್ಯಾಂಕಿಗೆ ಆಯಿಲ್ ಪೆಟ್ರೋಲಿನ ಜೊತೆ ಹೋಗುತ್ತದೆ, ಕೆಳಗಿನದು ಗೇರು-ಕ್ಲಚ್ಚಿಗಷ್ಟೇ. ಅಲ್ಲಿಯೂ ನನ್ನ ಆಯ್ಕೆ ಎಂಎ2, ಗ್ರೇಡ್ ಕೈಪಿಡಿ ಹೇಳಿದ್ದು. ಸೋರಿಕೆ ಕಾಣದಿದ್ದರೂ ಗೇರುಬಾಕ್ಸಿನ ಮಟ್ಟ ಇಳಿದು ಹೊಗೆ ಹೆಚ್ಚಿದರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿ ಎಂಜಿನ್ ಗೇರುಬಾಕ್ಸಿನ ಆಯಿಲನ್ನು ಒಳಗೆಳೆದುಕೊಂಡು ಸುಡುತ್ತಿರುತ್ತದೆ.