ವಿರಾಜಪೇಟೆ, ವೀರಾಜಪೇಟೆ ಎರಡೂ ಒಂದೇ ಹುಡುಕಾಟದಲ್ಲಿ ಸಿಕ್ಕ ಬಗೆ

ಕೊಡಗಿನ ಕಾಫಿ ಖರೀದಿ ಲೆಕ್ಕ ಕನ್ನಡದಲ್ಲಿದ್ದರೆ ಸ್ಕ್ರಿಪ್ಟ್ ಹಾಕಿ ಹುಡುಕಲಾಗದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಎಂದವರೇ ಹೆಚ್ಚು. ಆ ಟೈಪಿಂಗ್‌ಗೆ ಕೇಳಿದ್ದು ಹತ್ತಿರ ಹತ್ತಿರ 40 ಸಾವಿರ ರೂಪಾಯಿ. ಈಗ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೂವತ್ತು ಚಿಲ್ಲರೆ ಸಾಲು ಆ ಕೆಲಸವನ್ನು ಪುಕ್ಕಟೆ ಮಾಡುತ್ತಿದೆ.

ಪದ ಸಾಲಿನಲ್ಲಿದೆಯೇ ಎಂದಷ್ಟೇ ನೋಡುವ ‘ಇನ್’ ಬಳಸಿದಾಗ ರೋಬಸ್ಟಾ ಎಂದು ಬರೆದ ಕಾಫಿ ಸಿಕ್ಕಿತು, ರೊಬಸ್ಟಾ ಎಂದು ಬರೆದದ್ದು ಬಿಟ್ಟುಹೋಯಿತು. ಒಂದು ಸೀಸನ್ನಿನ ಮೊತ್ತದಲ್ಲಿ ಮೂರು ಲಕ್ಷದ ಆಸುಪಾಸು ಕಾಣೆ. ಯುನಿಕೋಡ್ ಚಿಹ್ನೆಗಳನ್ನು ಕೂಡಿಸಿ ಒಂದೇ ಬಗೆಯಾಗಿಸುವ ಎನ್‌ಎಫ್‌ಸಿ ಮಾಡಿದರೂ ಇದು ಸರಿಹೋಗದು, ಕಾಗುಣಿತವೇ ಬೇರೆ. ಅದರ ಬದಲು, ಚಿಹ್ನೆಗಳನ್ನು ಬಿಡಿಬಿಡಿಯಾಗಿ ಒಡೆಯುವ ಎನ್‌ಎಫ್‌ಡಿ ಮಾಡಿ. ಆಗ ೀ, ೇ, ೋ ಒಡೆದು ಕೊನೆಯಲ್ಲಿ 0ಸಿಡಿ5 ಎಂಬ ಯುನಿಕೋಡ್ ಸಂಕೇತದ ದೀರ್ಘ ಚಿಹ್ನೆ ಬೇರೆಯಾಗಿ ನಿಲ್ಲುತ್ತದೆ. ಅದನ್ನು ಅಳಿಸಿದರೆ ವಿರಾಜಪೇಟೆ-ವೀರಾಜಪೇಟೆ, ರೊಬಸ್ಟಾ-ರೋಬಸ್ಟಾ ಒಂದಾಗುತ್ತವೆ. ಜೊತೆಗೆ ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಕೂರುವ 200ಸಿ, 200ಡಿ ಎಂಬ ಗುರುತುಗಳನ್ನು ಅಳಿಸಿ. ಇಲ್ಲದಿದ್ದರೆ ‘ಪಾರ್ಚ್‌ಮೆಂಟ್’ (ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ) ಕಣ್ಣೆದುರಿದ್ದರೂ ಸಿಗದು. ಹುಡುಕುವ ಪದಕ್ಕೂ ಇದೇ ಸಂಸ್ಕಾರ ಆಗಬೇಕು. ಕೆರೆ, ಕೇರೆ ಕೂಡ ಒಂದಾಗುತ್ತವೆ, ಖರೀದಿ ಲೆಕ್ಕದಲ್ಲಿ ಅದರಿಂದ ನಷ್ಟವಿಲ್ಲ. ಾ, ೂ ಒಡೆಯುವುದಿಲ್ಲ. ಅವಕ್ಕೆ ನಾನು ಮಾಡಿಕೊಂಡ ಪಟ್ಟಿ ನನ್ನಲ್ಲೇ ಇರಲಿ.

ಹೆಚ್ಚು ಹೊತ್ತು ತಿಂದದ್ದು ಪದದ ಗಡಿ. ಪೈಥಾನ್ ರೆಜೆಕ್ಸ್‌ನಲ್ಲಿ (ಮಾದರಿ ಕೊಟ್ಟು ಪದ ಹುಡುಕುವ ಸೌಲಭ್ಯ) ಪದದ ಗಡಿ ಗುರುತಿಸುವ ಬ್ಯಾಕ್‌ಸ್ಲ್ಯಾಶ್ ‘ಬಿ’ಗೆ ಗುಣಿತ ಚಿಹ್ನೆ ಅಕ್ಷರವೇ ಅಲ್ಲ. ಹಾಗಾಗಿ ‘ಮಡಿಕೇರಿ’ಯ ಎರಡೂ ಕಡೆ ಅದನ್ನಿಟ್ಟರೆ ‘ಮಡಿಕೇರಿಯಲ್ಲಿ’ ಸಿಗುತ್ತದೆ, ಬಿಡಿಯಾಗಿ ನಿಂತ ‘ಮಡಿಕೇರಿ’ ಸಿಗುವುದಿಲ್ಲ! ಅದನ್ನು ಕಿತ್ತುಹಾಕಿ. ಪದ ಶುರುವಾಗುವ ಮುನ್ನ ಕನ್ನಡದ ಸಂಕೇತಗಳಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಯಾವುದೂ ಬರಬಾರದೆಂದು ಲುಕ್‌ಬಿಹೈಂಡ್ ಎಂಬ ತಡೆ ಹಾಕಿ. ಪದ ಮುಗಿದ ಮೇಲೆ ಗುಣಿತ ಮತ್ತು ಹಲಂತವನ್ನಷ್ಟೇ ತಡೆಯಿರಿ, ಪ್ರತ್ಯಯ ಬರಲಿ. ಇಲ್ಲವಾದರೆ ಸಿಲ್ವರ್ ಓಕ್ ಲೆಕ್ಕಕ್ಕೆ ‘ಮರ’ ಹುಡುಕಿದಾಗ ಹಳೇ ಬಿಲ್ಲುಗಳ ‘ಮರ್ಕರಾ’ (ಮಡಿಕೇರಿಯ ಹಳೇ ಹೆಸರು) ಎಲ್ಲ ಬಂದು ಕೂರುತ್ತದೆ.

ನಾಪೋಕ್ಲು, ಮೆಣಸು ಥರದ ಉಕಾರಾಂತಕ್ಕೆ ಮಾತ್ರ ಕೊನೆಯ ು ಕತ್ತರಿಸಿ, ಪದ ಮುಗಿದ ಮೇಲಿನ ತಡೆ ತೆಗೆಯಿರಿ. ‘ಮೆಣಸ’ ಎಂದರೆ ಮೆಣಸಿನಕಾಯಿಯೂ ಬರುತ್ತದೆ, ಅದನ್ನು ಬೇರೆ ತಳ್ಳಬೇಕು. ಒಳ್ಳೆಮೆಣಸು, ಕರಿಮೆಣಸು ಬೇರೆ ಬೇರೆ ಪದಗಳಾಗಿಯೇ ಕೊಡಿ.

ನಡುವೆ ಪದಗಳ ಹೋಲಿಕೆ ಅಳೆಯುವ ಪೈಥಾನ್‌ನ ಡಿಫ್‌ಲಿಬ್ ಕೂಡ ನೋಡಿದೆ. ಅದರ ಮಾಮೂಲಿ 0.6 ಮಿತಿಯಲ್ಲಿ ವಿರಾಜಪೇಟೆಗೆ ಸೋಮವಾರಪೇಟೆ ಹೊಂದಿಕೆಯಾಗುತ್ತದೆ, ಸುಮಾರು 0.63. ಊರಿನ ಹೆಸರಿಗೆ ಅದನ್ನು ನಂಬಲೇಬೇಡಿ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ಮೊದಲು ಯುನಿಕೋಡ್ ಮಾಡಿಕೊಳ್ಳಿ. ಮೂಲ ಸಾಲನ್ನು ಪಕ್ಕದಲ್ಲೇ ಉಳಿಸಿ, ಏಕೆಂದರೆ ಚಿಹ್ನೆ ಅಳಿಸಿದ ಮೇಲೆ ‘ಫೈಂಡ್’ ಕೊಡುವ ಸ್ಥಾನ ಮೂಲಕ್ಕೆ ಹೊಂದದು. ಮೂಟೆಯ ಸಂಖ್ಯೆ ಕನ್ನಡ ಅಂಕಿಯಲ್ಲಿದ್ದರೆ ಚಿಂತೆಯಿಲ್ಲ: ಬರಹವನ್ನು ಸಂಖ್ಯೆ ಮಾಡುವ ಪೈಥಾನ್‌ನ ‘ಇಂಟ್’ಗೆ ೫೦ ಕೊಟ್ಟರೂ 50 ಎಂದೇ ಓದುತ್ತದೆ.