ಶಾಲೆಯ ಕಂಪ್ಯೂಟರಿನಲ್ಲೇ ಕೂತು ಗುರುಗ್ರಹದ ಚಂದ್ರನ ಬೆನ್ನು ಹತ್ತುವುದು ಹೇಗೆ?

ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ. ಪ್ರಾರ್ಥನೆ ಮುಗಿಸಿ ಮಕ್ಕಳು ತರಗತಿಗೆ ಬರುವ ಹೊತ್ತು. ಅಮೆರಿಕದ ಅರಿಝೋನಾದಲ್ಲಿ ಆಗ ಹಿಂದಿನ ದಿನದ ರಾತ್ರಿ ಒಂಬತ್ತು ಗಂಟೆ. ಅಲ್ಲಿನ ವಿಪ್ಪಲ್ ವೀಕ್ಷಣಾಲಯದಲ್ಲಿ ಆರು ಇಂಚು ಕನ್ನಡಿಯ ಪುಟ್ಟ ದೂರದರ್ಶಕಗಳು, ಪಕ್ಕದಲ್ಲಿ ಯಾರೂ ಇಲ್ಲದೆ, ತಾವಾಗಿಯೇ ಆಕಾಶದತ್ತ ತಿರುಗುತ್ತವೆ. ಹೆಸರು ಮೈಕ್ರೋಅಬ್ಸರ್ವೇಟರಿ. ಹಾರ್ವರ್ಡ್-ಸ್ಮಿತ್‌ಸೋನಿಯನ್ ಖಗೋಳ ಕೇಂದ್ರದವರು ಇವನ್ನು ಕಟ್ಟಿದ್ದೇ ವಿದ್ಯಾರ್ಥಿಗಳಿಗಾಗಿ. ಕಾಸು ಕೊಡಬೇಕಿಲ್ಲ. ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್, ಒಂದು ಇಮೇಲ್ ಇದ್ದರೆ ಸಾಕು.

ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಂದದ ಚಿತ್ರಗಳು ಹುಡುಕಿದರೆ ಸಿಗುತ್ತವಲ್ವಾ, ಮತ್ತೆ ಇದೆಲ್ಲ ಯಾಕೆ ಅಂತ ಕೇಳಬಹುದು. ಅವು ಬೇರೆ ಯಾರೋ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರಗಳು. ಮಗು ತಾನೇ ಪ್ರಶ್ನೆ ಹಾಕಿ, ತಾನೇ ಚಿತ್ರ ತರಿಸಿಕೊಂಡು, ತಾನೇ ಅಳೆಯಬೇಕು. ಖಗೋಳ ವಿಜ್ಞಾನ ಪಾಠಪುಸ್ತಕದಿಂದ ಹೊರಗೆ ಬರುವುದು ಆಗಲೇ.

ಮೊದಲು ಪ್ರಶ್ನೆ

ಸುಮ್ನೆ ಹತ್ತು ಚಿತ್ರ ತರಿಸಿಕೊಂಡರೆ ಎರಡೇ ದಿನಕ್ಕೆ ಬೇಸರ ಬರುತ್ತದೆ. ಶಾಲೆಗೆ ನಾನು ಹೇಳುವ ಮೊದಲ ಪ್ರಶ್ನೆ ಇದು: ಗುರುವಿನ ಚಂದ್ರ ಕ್ಯಾಲಿಸ್ಟೊ ಒಂದು ಸುತ್ತು ಬರಲು ಎಷ್ಟು ದಿನ ಬೇಕು? ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಪಕ್ಕದ ಚುಕ್ಕೆಗಳನ್ನು ರಾತ್ರಿ ರಾತ್ರಿ ಗುರುತು ಹಾಕಿಕೊಂಡ ದಾರಿಯೇ ಇದು. ಗುರು ರಾತ್ರಿ ಆಕಾಶದಲ್ಲಿ ಚೆನ್ನಾಗಿ ಕಾಣುವ ತಿಂಗಳುಗಳನ್ನು ಆರಿಸಿಕೊಳ್ಳಿ. ಜುಲೈ, ಆಗಸ್ಟ್ ಬೇಡ. ಅರಿಝೋನಾದಲ್ಲೂ ಆಗ ಮಳೆಗಾಲ.

ಅರ್ಜಿ ತುಂಬುವುದು

ಮೈಕ್ರೋಅಬ್ಸರ್ವೇಟರಿಯ ಪುಟದಲ್ಲಿ ಆ ರಾತ್ರಿ ಕಾಣುವ ವಸ್ತುಗಳ ಪಟ್ಟಿ ಇರುತ್ತದೆ. ಗುರುವನ್ನು ಆರಿಸಿ. ಎಷ್ಟು ಅಗಲದ ನೋಟ, ಯಾವ ಫಿಲ್ಟರ್ (ಬೆಳಕನ್ನು ಸೋಸುವ ಗಾಜು), ಎಷ್ಟು ಸೆಕೆಂಡು ಎಂದು ಕೇಳುತ್ತದೆ. ಕೊನೆಗೆ ಇಮೇಲ್, ಚಿಕ್ಕ ಮಕ್ಕಳಾದರೆ ಮೇಷ್ಟ್ರದ್ದೋ ಅಪ್ಪ ಅಮ್ಮಂದೋ ಕೊಡಿ. ಒಂದೆರಡು ದಿನದಲ್ಲಿ ಚಿತ್ರ ಬರುತ್ತದೆ.

ಇಲ್ಲಿ ತಲೆ ಓಡಿಸಬೇಕಾದದ್ದು ಸೆಕೆಂಡಿನ ವಿಷಯದಲ್ಲಿ. ಕ್ಯಾಮೆರಾ ಕಣ್ಣು ತೆರೆದಷ್ಟು ಹೊತ್ತು ಬೆಳಕು ತುಂಬಿಕೊಳ್ಳುತ್ತದೆ, ಮಳೆಗೆ ಇಟ್ಟ ಬಕೆಟ್ಟಿನ ಹಾಗೆ. ಮಹಾವ್ಯಾಧದ ನೀಹಾರಿಕೆಯಂಥ ಮಸುಕಾದ ವಸ್ತುವಿಗೆ 60 ಸೆಕೆಂಡು ಬೇಕು. ನಮ್ಮ ಚಂದ್ರನಿಗೆ ಅಷ್ಟು ಕೊಟ್ಟರೆ ಪೂರ್ತಿ ಬಿಳಿ. ಗುರುವಿನ ಚಂದ್ರರು ಕಾಣಬೇಕೆಂದರೆ ಗುರು ಬರೀ ಬಿಳಿ ಉಂಡೆಯಾದರೂ ಪರವಾಗಿಲ್ಲ ಎಂದುಕೊಳ್ಳಬೇಕು. ಎರಡು ಮೂರು ಅವಧಿಗಳಲ್ಲಿ ತರಿಸಿ, ಯಾವುದು ಸರಿ ಎಂದು ಮಕ್ಕಳೇ ತೀರ್ಮಾನಿಸಲಿ. ಒಮ್ಮೆ ಆರಿಸಿದ ಅವಧಿಯನ್ನೂ ನೋಟದ ಅಗಲವನ್ನೂ ಆಮೇಲೆ ಬದಲಿಸಬೇಡಿ. ಬದಲಿಸಿದರೆ ಅಳತೆ ಕೆಟ್ಟಿತು.

ಕಪ್ಪು ಚಿತ್ರ ಬಂತೇ? ಹೆದರಬೇಡಿ

ವಿಜ್ಞಾನಿಗಳು ಬಳಸುವ ಫಿಟ್ಸ್ ಎಂಬ ಮಾದರಿಯಲ್ಲಿ ಚಿತ್ರ ಸಿಗುತ್ತದೆ. ತೆರೆದರೆ ಹೆಚ್ಚೂ ಕಡಿಮೆ ಕಪ್ಪು. ಮಕ್ಕಳ ಮುಖ ಬಾಡುವುದೇ ಇಲ್ಲಿ. ಆದರೆ ಬೆಳಕಿನ ಲೆಕ್ಕವೆಲ್ಲ ಆ ಕಪ್ಪಿನೊಳಗೇ ಇದೆ, ಪ್ರತಿ ಚುಕ್ಕಿಗೂ ಒಂದು ಸಂಖ್ಯೆಯಾಗಿ. ಅದೇ ಪುಟದ ಚಿತ್ರ ತಿದ್ದುವ ಸಾಧನದಲ್ಲಿ ‘ಸ್ಕೇಲ್’ ಅನ್ನು ‘ಲಾಗ್’ಗೆ ಬದಲಿಸಿ, ಗರಿಷ್ಠ ಮಿತಿಯನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ. ಮೊದಲು ಬೂದು ಬಣ್ಣ ಏಳುತ್ತದೆ. ಆಮೇಲೆ ಬಿಳಿ ಉಂಡೆಯ ಎಡಕ್ಕೊಂದು ಚುಕ್ಕೆ, ಬಲಕ್ಕೆ ಎರಡು. ಇನ್ನಷ್ಟು ಇಳಿಸಿದರೆ ದೂರದಲ್ಲಿ ಇನ್ನೊಂದು. ಮೌಸ್ ಮಗುವಿನ ಕೈಯಲ್ಲೇ ಇರಲಿ, ನೀವು ಮುಟ್ಟಬೇಡಿ.

ಇವೇ ಗುರುವಿನ ನಾಲ್ಕು ದೊಡ್ಡ ಚಂದ್ರರು. ನಾಲ್ಕೂ ಚುಕ್ಕೆಗಳು ಸುಮಾರಾಗಿ ಒಂದೇ ಗೆರೆಯಲ್ಲಿರುತ್ತವೆ. ಗೆರೆ ಬಿಟ್ಟು ನಿಂತದ್ದು ಹಿಂದಿನ ನಕ್ಷತ್ರ. ಚಿತ್ರ ಪೂರ್ತಿ ಮಂಜು ಮಂಜಾಗಿದ್ದರೆ ಅಲ್ಲಿ ಮೋಡ ಇತ್ತು ಅಂತ ಅರ್ಥ, ಆ ದಿನದ ಜಾಗ ಖಾಲಿ ಬಿಡಿ.

ಅಳೆಯುವುದು

ಈ ನಾಲ್ಕರಲ್ಲಿ ಗುರುವಿಗೆ ಎಲ್ಲಕ್ಕಿಂತ ಹತ್ತಿರದ ಅಯೋದಿಂದ ಶುರು ಮಾಡಬೇಡಿ. ಅದು ಸುಮಾರು 42 ಗಂಟೆಗೇ ಒಂದು ಸುತ್ತು ಮುಗಿಸುತ್ತದೆ. ದಿನಕ್ಕೊಂದೇ ಚಿತ್ರ ತೆಗೆದರೆ ಇವತ್ತು ಈ ಕಡೆ, ನಾಳೆ ಆ ಕಡೆ ಹಾರಿದಂತೆ ಕಂಡು ಮಕ್ಕಳು ಗಲಿಬಿಲಿಯಾಗುತ್ತಾರೆ. ಕ್ಯಾಲಿಸ್ಟೊ ನಿಧಾನಸ್ಥ. ಗುರುತಿಸುವುದೂ ಸುಲಭ: ಅದು ಗುರುವಿನಿಂದ ಸುಮಾರು 18.8 ಲಕ್ಷ ಕಿ.ಮೀ. ದೂರ, ಅದರ ಒಳಗಿನ ಗ್ಯಾನಿಮೀಡ್ 10.7 ಲಕ್ಷ. ಹಾಗಾಗಿ ಎಲ್ಲಕ್ಕಿಂತ ಆಚೆ ಹೋಗುವುದು ಅದೊಂದೇ.

ಮೂರು ವಾರ, ರಾತ್ರಿಗೊಂದು ಚಿತ್ರ. ಗುರುವಿನ ನಡುವಿನಿಂದ ಕ್ಯಾಲಿಸ್ಟೊ ಎಷ್ಟು ಪಿಕ್ಸೆಲ್ ದೂರ ಎಂದು ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಒಂದು ಪಕ್ಕ ಕೂಡು, ಇನ್ನೊಂದು ಪಕ್ಕ ಕಳೆ. ಚಿತ್ರದ ಜೊತೆಗಿರುವ ಸಮಯ ಜಾಗತಿಕ ಸಮಯ, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮದು. ದಿನ ಕಳೆದಂತೆ ಚುಕ್ಕೆಗಳು ಅಲೆಯಂತೆ ಏರಿ ಇಳಿಯುತ್ತವೆ. ಒಂದು ತುದಿಯಿಂದ ಮತ್ತೆ ಅದೇ ತುದಿಗೆ ಬರಲು ಹಿಡಿದ ದಿನಗಳನ್ನು ಎಣಿಸಿ. ಪುಸ್ತಕದ ಉತ್ತರ 16.7 ದಿನ. ಮಕ್ಕಳಿಗೆ 16 ಬಂದರೂ, 17.5 ಬಂದರೂ ತಿದ್ದಲು ಹೋಗಬೇಡಿ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಅವರೇ ಹುಡುಕಲಿ.

ಇದು ಮಕ್ಕಳಾಟವಲ್ಲ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ (ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನದು) ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಅಲ್ಲಿ ಕೂತ ಖಗೋಳ ವಿಜ್ಞಾನಿಗಳೂ ಮೊದಲು ತೀರ್ಮಾನಿಸುವುದು ಇದನ್ನೇ: ಯಾವ ವಸ್ತು, ಯಾವ ಫಿಲ್ಟರ್, ಎಷ್ಟು ಸೆಕೆಂಡು.