ಕನಿಷ್ಠ ಕೂಲಿ ಜಾಸ್ತಿ ಮಾಡಿ ಅಂತ ಸರ್ಕಾರಕ್ಕೆ ಬರೆಯುವುದು ಹೇಗೆ

ಕೂಲಿ ದರದ ಕರಡು ಹೊರಬಿದ್ದರೆ ಮಾಲೀಕರ ಕಡೆಯವರು ವಕೀಲರನ್ನು ಕೂರಿಸಿಕೊಂಡು ಪುಟಗಟ್ಟಲೆ ಆಕ್ಷೇಪಣೆ ಬರೆಸುತ್ತಾರೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ, ನರಸಾಪುರ, ಮಾಲೂರಿನ ಕಾರ್ಖಾನೆಗಳ ಹೆಲ್ಪರ್‌ಗಳಾಗಲಿ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರಾಗಲಿ, ಬರೆಯುವುದು ಕಡಿಮೆ. ಬರೆದರೂ ‘ಬೆಲೆ ಏರಿದೆ, ದಯವಿಟ್ಟು ಹೆಚ್ಚಿಸಿ’ ಅಂತ ಎರಡು ಸಾಲು. ಅದನ್ನು ಫೈಲಿಗೆ ಸೇರಿಸಿ ಮರೆಯುವುದು ಸುಲಭ. ಲೆಕ್ಕ ಇದ್ದರೆ ಅಷ್ಟು ಸುಲಭ ಅಲ್ಲ.

ಮೊದಲು ಸಮಯ ನೋಡಿಕೊಳ್ಳಿ. ದರ ಬದಲಿಸಲು ಸರ್ಕಾರ ಒಂದೋ ಸಮಿತಿ ಮಾಡಬೇಕು, ಇಲ್ಲ ಕರಡನ್ನು ರಾಜ್ಯಪತ್ರದಲ್ಲಿ ಹಾಕಿ ಎರಡು ತಿಂಗಳಾದರೂ ಕಾಯಬೇಕು. 1948ರ ಕಾಯ್ದೆಯಲ್ಲಿ ಹೀಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹೀಗೇ ಇದೆ. ಆ ಎರಡು ತಿಂಗಳು ನಿಮ್ಮದು. ಪರಿಷ್ಕರಣೆಗೆ ಇರುವ ಗಡುವು ಐದು ವರ್ಷ, ಆದ್ದರಿಂದ ಈ ಸಲ ತಪ್ಪಿದರೆ ಮುಂದಿನದು ದೂರ. ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರುತ್ತದಲ್ಲ ಅಂತ ಯಾರಾದರೂ ಹೇಳಿದರೆ, ಅದು ಬೆಲೆ ಏರಿದ್ದಕ್ಕೆ ಕೊಡುವ ಭರ್ತಿ, ಅಷ್ಟರಿಂದ ಮನೆ ಒಂದು ಮೆಟ್ಟಿಲೂ ಮೇಲೆ ಹೋಗಲ್ಲ.

ಈಗ ಲೆಕ್ಕ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆ ಹಾಕಿಕೊಟ್ಟಿದೆ, ಅದನ್ನೇ ಹಿಡಿದುಕೊಳ್ಳಿ. ಒಬ್ಬರ ದುಡಿಮೆಯಲ್ಲಿ ಮೂರು ಘಟಕದ ಕುಟುಂಬ (ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ ಮೂರು ದೊಡ್ಡವರ ಊಟದ ಲೆಕ್ಕ) ಬದುಕಬೇಕು, ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ. ಹೆಂಡತಿ, ಮಕ್ಕಳ ಸಂಪಾದನೆ ಲೆಕ್ಕಕ್ಕೆ ಬರಬಾರದು. (ದುಡಿಯುವವರು ಗಂಡಸರೇ ಅಂತ ಆಗ ಅಂದುಕೊಂಡಿದ್ದರು. ಶಿಡ್ಲಘಟ್ಟದಲ್ಲಿ ಎಷ್ಟೋ ಮನೆ ನಡೆಯುವುದು ಹೆಂಗಸರ ಕೂಲಿಯಿಂದ.) ವಯಸ್ಸಾದ ಅಪ್ಪ, ಅಮ್ಮ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಅವರನ್ನೂ ಸೇರಿಸಿ ಅಂತ ಕೇಳಿ.

ಕ್ಯಾಲೊರಿ ನೀವು ಎಣಿಸಬೇಕಾಗಿಲ್ಲ. ರಾಗಿ, ಅಕ್ಕಿ, ಬೇಳೆ, ಎಣ್ಣೆ, ಹಾಲು, ತರಕಾರಿ, ತಿಂಗಳಿಗೆ ಎಷ್ಟು ಬೇಕು, ನಿಮ್ಮೂರ ಅಂಗಡಿಯಲ್ಲಿ ಬೆಲೆ ಎಷ್ಟು ಅಂತ ಬರೆದು ಬಿಲ್ ಲಗತ್ತಿಸಿ. ರೇಷನ್ ಅಕ್ಕಿಯನ್ನು ಕಳೆಯಬೇಡಿ. ಅದು ಸರ್ಕಾರ ಕೊಡುವುದು, ಮಾಲೀಕರ ಪಾಲಿನ ಖರ್ಚನ್ನು ಅದರಲ್ಲಿ ಯಾಕೆ ತೀರಿಸಬೇಕು?

ಬಾಡಿಗೆ ವಿಷಯಕ್ಕೆ ಜಗಳ ಆಡಲೇಬೇಕು. ಕೇಂದ್ರದ 2020ರ ಕರಡು ನಿಯಮಗಳಲ್ಲಿ ಬಾಡಿಗೆ ಅಂದರೆ ಊಟ, ಬಟ್ಟೆ ಖರ್ಚಿನ ಶೇ. 10! ಊಟ, ಬಟ್ಟೆಗೆ 10,000 ಆದರೆ ಬಾಡಿಗೆಗೆ 1,000. ಆ ದುಡ್ಡಿಗೆ ನರಸಾಪುರದ ಸುತ್ತ ಒಂದು ಕುಟುಂಬಕ್ಕೆ ಮನೆ ತೋರಿಸಲಿ ನೋಡೋಣ. ನಿಮ್ಮ ಬಾಡಿಗೆ ಕರಾರು ಪತ್ರ ಇದ್ದರೆ ಅದರ ಜೆರಾಕ್ಸ್ ಇಡಿ, ಇಲ್ಲದಿದ್ದರೆ ಅಕ್ಕಪಕ್ಕದ ನಾಲ್ಕು ಮನೆಯ ಬಾಡಿಗೆ ಬರೆಯಿರಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಸೌದೆ, ಗ್ಯಾಸು, ಕರೆಂಟು ಇತ್ಯಾದಿಗೆ ಒಟ್ಟು ಕೂಲಿಯ ಶೇ. 20. ಮಕ್ಕಳ ಓದು, ಆಸ್ಪತ್ರೆ, ಹಬ್ಬ, ಮದುವೆ, ಮುಪ್ಪಿಗೆ ಇನ್ನೂ ಶೇ. 25, ಇದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸೇರಿಸಿತು. ಎರಡೂ ಒಟ್ಟು ಕೂಲಿಯ ಪಾಲು, ಊಟ, ಬಟ್ಟೆ, ಬಾಡಿಗೆಯ ಪಾಲಲ್ಲ. ಉದಾಹರಣೆಗೆ ಮೊದಲ ಮೂರು ಸೇರಿ 11,000 ಅಂದುಕೊಳ್ಳಿ. ಅದಕ್ಕೆ ಶೇ. 45 ಕೂಡಿಸಿದರೆ 15,950 ಬರುತ್ತದೆ, ತಪ್ಪು. 11,000 ಅನ್ನುವುದು ಒಟ್ಟಿನ ಶೇ. 55, ಹಾಗಾಗಿ 0.55ರಿಂದ ಭಾಗಿಸಿ: 20,000. ಸುಮ್ನೆ ಕೂಡಿಸಿದ್ದಕ್ಕೆ ತಿಂಗಳಿಗೆ ನಾಲ್ಕು ಸಾವಿರ ಹೋಯಿತು ಅಲ್ವಾ?

‘ಸಣ್ಣ ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಕಾರ್ಖಾನೆ) ಮುಚ್ಚಬೇಕಾಗುತ್ತದೆ’ ಅನ್ನುವ ಮಾತು ಮಾಲೀಕರ ಕಡೆಯಿಂದ ಬಂದೇ ಬರುತ್ತದೆ. ಅದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ರೇಷ್ಮೆ ಗೂಡಿನ ಬೆಲೆ ಏರಿಳಿದಾಗ ನೂಲು ತೆಗೆಸುವ ರೀಲರ್‌ಗಳೂ ಒದ್ದಾಡುತ್ತಾರೆ. ಆದರೆ ದರ ಏರಿದರೆ ಆ ಕೆಲಸದಲ್ಲಿರುವ ಎಲ್ಲ ಮಾಲೀಕರಿಗೂ ಏರುತ್ತದೆ, ಒಬ್ಬ ಮಾಲೀಕ ಕಡಿಮೆ ಕೂಲಿ ಕೊಟ್ಟು ಪಕ್ಕದ ಮಾಲೀಕನನ್ನು ಸೋಲಿಸುವ ದಾರಿ ಕಾನೂನಿನ ಮಟ್ಟಿಗೆ ಮುಚ್ಚುತ್ತದೆ. ಇನ್ನು ಕೂಲಿಯವರ ಕೈಗೆ ಬಂದ ದುಡ್ಡು ಬಹುಪಾಲು ಅದೇ ಊರಿನ ದಿನಸಿ ಅಂಗಡಿ, ಸಂತೆಗೇ ಹೋಗುತ್ತದೆ. ಇದನ್ನು ನಾಲ್ಕು ಸಾಲಲ್ಲಿ ಬರೆದರೆ ಸಾಕು.

ಕಳಿಸುವ ವಿಳಾಸ, ಕೊನೆಯ ದಿನಾಂಕ ಕರಡಿನಲ್ಲೇ ಇರುತ್ತದೆ. ಕನ್ನಡದಲ್ಲೇ ಬರೆಯಿರಿ, ಅಧಿಸೂಚನೆಯ ಸಂಖ್ಯೆ ಮೇಲೆ ಹಾಕಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಗುತ್ತಿಗೆದಾರನ ಭಯ ಇದ್ದರೆ ಒಬ್ಬರೇ ಸಹಿ ಹಾಕಬೇಡಿ. ಸಂಘದ ಹೆಸರಲ್ಲಿ ಕಳಿಸಿ, ಇಲ್ಲ ನಲವತ್ತು ಜನ ಒಟ್ಟಿಗೆ ಸಹಿ ಹಾಕಿ.